ಹೊಸಿಯಾ ತೀರಿಕೊಂಡ ದಿನ

ಚಿಂಬ್ವೆ ಹಳ್ಳಿ
20 ನವೆಂಬರ್ 1997

ಹರಾರೆ ಮಹಾನಗರದಲ್ಲಿ ಲಿಫ್ಟ್ ಕೆಟ್ಟ ಕಟ್ಟಡದ ಐದನೇ ಮಹಡಿಯನ್ನು ದಿನವೂ ಕಾಲ್ನಡಿಗೆಯಲ್ಲೇ ಜಯಿಸುವ, ಟೈಪ್‌ರೈಟರಿನ ಸಮಸ್ತ ಕೀಲಿಗಳನ್ನು ಹತ್ತೇ ಬೆರಳಿನಿಂದ ಆಳುವ, ನಾಡಿನ ವಿಧವೆಯರ ಕಷ್ಟವನ್ನೆಲ್ಲ ಮೂರು ಮೂರು ಪ್ರತಿಗಳಲ್ಲಿ ಅಚ್ಚೊತ್ತುವ, ಸಿಂಹ ಕುಲದ ಕುಡಿ, ಮಹಾಮಹಿಮಳಾದ ಮುಚಾನೆಟಾ ದೇವಿಯವರ ಪಾದಗಳಿಗೆ (ಪಾದ ಬೇಡ, ಚಪ್ಪಲಿ ಸಾಕು) ಕೋತಿ ಕುಲದ ಚಾಮುನೋರ್ವಾ ಮಾಡುವ ದೀರ್ಘದಂಡ ನಮಸ್ಕಾರಗಳು.

ನೆಟಾ, ನಿನ್ನಪ್ಪ ಹೊಸಿಯಾನ ಮಣ್ಣು ಮುಗಿದ ಮರುದಿನವೇ ನೀನು ಬಸ್ ಹತ್ತಿದೆ. ಆಮೇಲೆ ನಡೆದದ್ದನ್ನು ವರದಿ ಮಾಡುವುದು ನಿಮ್ಮ ಮನೆಯ ಸಹ್ವಿರಾ ಆದ ನನ್ನ ಘನ ಕರ್ತವ್ಯ. ಮೂರು ತಲೆಮಾರಿನಿಂದ ನಿಮ್ಮ ಮನೆಯ ಸಾವಿನಲ್ಲಿ ಹೆಣಕ್ಕೆ ನೀರೆರೆಯುವವರೂ ನಾವೇ, ಅಳುವವರನ್ನು ನಗಿಸುವವರೂ ನಾವೇ. ನಮ್ಮಪ್ಪ ಬದುಕಿದ್ದರೆ ನನಗಿಂತ ಚೆನ್ನಾಗಿ ಮಾಡುತ್ತಿದ್ದ. ನನಗೆ ಇದು ಮೊದಲ ಸಾವು. ಆದರೂ ನಿನ್ನಪ್ಪನ ಟೋಪಿ ಹಾಕಿಕೊಂಡು, ಅವನ ಹಾಗೆ ಒಂದು ಭುಜ ಎತ್ತಿ ನಡೆದು, “ಏನೇ, ಈ ಚಹಾಕ್ಕೆ ಸಕ್ಕರೆ ಹಾಕಿದ್ಯಾ, ಇಲ್ಲಾ ಬರೀ ತೋರಿಸಿ ವಾಪಸ್ ಇಟ್ಟುಕೊಂಡ್ಯಾ?” ಅಂತ ಗದರಿದಾಗ ನಿನ್ನಮ್ಮ ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ನಕ್ಕಳಲ್ಲ, ಅದಕ್ಕೆ ಸರ್ಕಾರ ನನಗೊಂದು ಪದಕ ಕೊಡಬೇಕು.

ಮೊನ್ನೆ ನಿನ್ನಪ್ಪನ ಬಟ್ಟೆ ಹಂಚಿದರು. ಕಂದು ಕೋಟು ನಿನ್ನ ಜೋರಾಮ್ ಚಿಕ್ಕಪ್ಪನ ಪಾಲಾಯಿತು. ತೋಳು ಉದ್ದವಾಗಿ ಬೆರಳು ಕಾಣುವುದಿಲ್ಲ, ಆದರೂ ಬಿಚ್ಚಿಲ್ಲ. ಸೈಕಲ್ಲೂ ಅವನಿಗೇ. ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ಅಂದ: “ಅಣ್ಣನಿಗೆ ಗಂಡು ಮಗ ಇಲ್ಲ. ಮನೆ, ಹೊಲ, ಏಳು ದನ, ಇದನ್ನೆಲ್ಲ ನೋಡ್ಕೊಳ್ಳೋಕೆ ಅವನ ಜಾಗದಲ್ಲಿ ನಾನು ನಿಲ್ಲಬೇಕು. ಅತ್ತಿಗೆ ನನ್ನನ್ನ ಒಪ್ಕೊಂಡ್ರೆ ಅವ್ರಿಗೂ ಇಲ್ಲೇ ನೆರಳುಂಟು.”

“ಆ ಗೋಡೆ ಇಟ್ಟಿಗೆ ಸುಟ್ಟೋಳು ನಾನು, ಜೋರಾಮ್,” ಅಂದಳು ನಿನ್ನಮ್ಮ. “ನೆರಳು ಯಾವ ಕಡೆ ಬೀಳುತ್ತೆ ಅಂತ ನಂಗೆ ಹೇಳ್ಕೊಡಬೇಡ.”

ನೀನು ಬಿಟ್ಟುಹೋದ ಕರಪತ್ರಗಳನ್ನು ನಾನು ಗಂಡಸರ ಕಡೆಗೆ ಹಂಚಿದೆ. ಹೊಸ ಕಾನೂನಿನ ನಾಲ್ಕನೇ ಪುಟದಲ್ಲಿ ಚಿಕ್ಕಪ್ಪ ತಂಬಾಕು ಸುತ್ತಿ ಸೇದಿದ. ಕಾನೂನು ಚೆನ್ನಾಗಿ ಉರಿಯಿತು ಎಂದು ವಿನಯಪೂರ್ವಕ ತಿಳಿಸುತ್ತೇನೆ.

ನಿನ್ನ ಸೇವಕ,
ಚಾಮು

*

ಹರಾರೆ
4 ಡಿಸೆಂಬರ್ 1997

ಚಾಮು,

ನಗು ಬರಲಿಲ್ಲ. ಸೇದಿದ ಆ ಪುಟದಲ್ಲೇ ಅಮ್ಮನ ಮನೆ ಇತ್ತು. ಅದನ್ನು ಟೈಪ್ ಮಾಡಿದ್ದು ನಾನೇ, ಬಾಯಿಪಾಠ ಬರುತ್ತದೆ: ನವೆಂಬರ್ ಒಂದನೇ ತಾರೀಖು ಅಥವಾ ಆಮೇಲೆ ತೀರಿಕೊಂಡವನ ಮನೆ ಅವನ ಹೆಂಡತಿಗೆ. ಅದಕ್ಕಿಂತ ಒಂದು ದಿನ ಮೊದಲು ಸತ್ತರೆ ಹಳೆಯ ಪದ್ಧತಿ: ಗಂಡು ವಾರಸುದಾರ, ಅಂದರೆ ಚಿಕ್ಕಪ್ಪ.

ಅಪ್ಪ ತೀರಿಕೊಂಡದ್ದು ಶನಿವಾರ. ಒಂದನೇ ತಾರೀಖು. ನಮ್ಮ ವಕೀಲೆ ದಂಬುಡ್ಜೊ ಮೇಡಂಗೆ ಹೇಳಿದಾಗ ಅವರು ಮೇಜು ತಟ್ಟಿ, “ನಿಮ್ಮಪ್ಪ ಕಾನೂನು ಬರಲಿ ಅಂತ ಕಾದಿದ್ದು ಹೋದ ಹಾಗಿದೆಯಲ್ಲ ಹುಡುಗಿ!” ಅಂದರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಅಪ್ಪ ಸತ್ತ ದಿನದ ಬಗ್ಗೆ ಖುಷಿಪಡುವ ಮಗಳು ಎಂಥವಳು?

ಚಿಕ್ಕಪ್ಪ ಊರಲ್ಲೆಲ್ಲ ಶುಕ್ರವಾರ, ಶುಕ್ರವಾರ ಅನ್ನುತ್ತಿದ್ದಾನೆ ಅಂತ ಅಮ್ಮ ಮೇಷ್ಟ್ರ ಕೈಯಲ್ಲಿ ಬರೆಸಿದ್ದಾಳೆ. ಆ ಪುಟ ಸೇದುವ ಮುಂಚೆ ಓದಿರಬೇಕು. ಸುಳ್ಳುಗಾರ. ಫೆಬ್ರವರಿಯಲ್ಲಿ ಕೋರ್ಟಿಗೆ ಹೋಗುತ್ತದೆ. ಪದ್ಧತಿಯಂತೆ ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು; ಆ ಎರಡು ದಿನ ಕೋಣೆಯೊಳಗೆ ಅಪ್ಪನ ಬಳಿ ಇದ್ದವರು ಚಿಕ್ಕಪ್ಪ, ನೀನು ಇಬ್ಬರೇ. ಚಿಕ್ಕಪ್ಪನ ಮಾತಿಗೆ ಸ್ವಾರ್ಥದ ನಾತವಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಉಳಿದವನು ನೀನು. ಶನಿವಾರ ಎಷ್ಟು ಹೊತ್ತಿಗೆ ಅಂತ ಒಂದು ಸಾಲು ಬರೆದು ಕಳಿಸು. ಪದಕ, ಪಾದಾರವಿಂದ ಏನೂ ಬೇಡ.

ನೆಟಾ

*

ಚಿಂಬ್ವೆ
16 ಡಿಸೆಂಬರ್ 1997

ಪರಮಪೂಜ್ಯ ವಿಧವಾ ವಿಮೋಚನಾ ಸಾಮ್ರಾಜ್ಯದ ಸರ್ವಾಧಿಕಾರಿಣಿಯವರ ಸನ್ನಿಧಾನಕ್ಕೆ,

ತಮ್ಮ ಆಜ್ಞಾಪತ್ರ ತಲುಪಿತು. ಊರಿನ ಮುಖ್ಯ ಸಮಾಚಾರವೆಂದರೆ ಊರ ಹಿರಿಯನ ಹೋತ ಚರ್ಚಿನೊಳಗೆ ನುಗ್ಗಿ ಪ್ರವಚನದ ಕಾಗದ ತಿಂದಿತು. ಪಾದ್ರಿಯವರು ಆ ಭಾನುವಾರ ಮೊದಲ ಬಾರಿಗೆ ಹತ್ತು ನಿಮಿಷದಲ್ಲಿ ಮುಗಿಸಿದರು. ಸಭೆ ಹೋತವನ್ನು ಹರಸಿತು. ಮಳೆ ಚೆನ್ನಾಗಿದೆ. ನಿನ್ನಮ್ಮನ ಮೆಕ್ಕೆಜೋಳ ಮೊಣಕಾಲುದ್ದ ಬಂದಿದೆ. ದಿನವೂ ಒಬ್ಬಳೇ ಕಳೆ ಕೀಳುತ್ತಾಳೆ. ಚಿಕ್ಕಪ್ಪ ಬದುವಿನ ಮೇಲೆ ನಿಂತು, “ಚೆನ್ನಾಗಿ ಕಿತ್ತುಕೊಡಿ ಅತ್ತಿಗೆ, ಕೊಯ್ಯೋದು ನಾನಲ್ವಾ,” ಅಂತಾನೆ.

ನೀನು ಕೇಳಿದ ಸಣ್ಣ ವಿಷಯಕ್ಕೆ ಮುಂದೆ ಸವಿಸ್ತಾರವಾಗಿ ಬರೆಯುವವನು,
ಚಾಮು

*

ಹರಾರೆ
24 ಡಿಸೆಂಬರ್ 1997

ಯಾವ ದಿನ, ಚಾಮು?

*

ಚಿಂಬ್ವೆ
9 ಜನವರಿ 1998

ನೆಟಾ,

ಶುಕ್ರವಾರ.

ಶಾಲೆ ಬಿಟ್ಟು ಮಕ್ಕಳು ಮನೆಗೆ ಹೋಗುವ ಹೊತ್ತು. ನಿನ್ನಪ್ಪ ನನ್ನ ಕೈ ಹಿಡಿದು ಏನೋ ಹೇಳಲು ಹೋದ. ಮುಖ ಒಂಥರಾ ಮಾಡಿದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಾನು ನಕ್ಕೆ. ನನ್ನ ನಗು ನಿಂತಾಗ ಅವನಿಗೆ ಉಸಿರಿರಲಿಲ್ಲ. ಕಣ್ಣು ಮುಚ್ಚಿದ್ದು, ಕೈಕಾಲು ನೇರ ಮಾಡಿದ್ದು ನಾನೇ.

ನಿನ್ನಪ್ಪನ ಒಡಹುಟ್ಟಿದ ಕೆಝಿಯಾ ಅತ್ತೆಗೆ ಕಾಯಿಲೆಯ ಸುದ್ದಿ ಮೊದಲೇ ಹೇಳಿಕಳಿಸಿದ್ದರು, ಅವಳು ಬರಬೇಕಾದರೆ ಎರಡು ಬಸ್ಸು ಬದಲಿಸಬೇಕು. ಚಿಕ್ಕಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. “ಅಕ್ಕ ಬರೋ ತನಕ ಒಂದು ಸದ್ದೂ ಹೊರಗೆ ಹೋಗಕೂಡದು. ಅತ್ತಿಗೆಗೂ ಹೇಳ್ಬೇಡ. ಮನೆ ಹೆಣ್ಣುಮಗಳು ಬರೋಕೆ ಮುಂಚೆ ಹೆಂಡ್ತಿ ಗೋಳಿಟ್ರೆ ಊರು ನಮ್ಮ ಮುಖಕ್ಕೆ ಉಗಿಯುತ್ತೆ.” ಅದರಲ್ಲಿ ಅವನ ತಪ್ಪಿಲ್ಲ, ನಮ್ಮಪ್ಪ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದ. ನಮ್ಮಲ್ಲಿ ಅತ್ತೆ ಬಂದು ಮೊದಲ ಗೋಳು ಎದ್ದ ಮೇಲೆಯೇ ಮನುಷ್ಯ ಸತ್ತ ಹಾಗೆ. ಅವಳು ಬಂದದ್ದು ಶನಿವಾರ ಬೆಳಿಗ್ಗೆ ಹತ್ತಕ್ಕೆ. ಆದ್ದರಿಂದ ಊರಿಗೆಲ್ಲ ಶನಿವಾರ, ನಿನ್ನಮ್ಮನಿಗೂ ಶನಿವಾರ.

ಇನ್ನೊಂದಿದೆ. ಶುಕ್ರವಾರ ಸಂಜೆ ನಿನ್ನಮ್ಮ ಶೇಂಗಾ ಅರೆದು ಹಾಕಿದ ಗಂಜಿ ತಂದು ಬಾಗಿಲಲ್ಲಿ ನಿಂತಳು. “ಎದ್ರಾ?”

“ಈಗ ಎದ್ದವ್ನೆ ಅತ್ತಿಗೆ. ಕೊಡಿ, ನಾವೇ ಉಣ್ಣಿಸ್ತೀವಿ.”

ತುಂಬಿದ ಬಟ್ಟಲು ಹಾಗೇ ಹೊರಗೆ ಹೋದರೆ ಅವಳಿಗೆ ಗೊತ್ತಾಗುತ್ತದೆ. ಚಿಕ್ಕಪ್ಪ ನನಗೆ ಕಣ್ಣು ಮಾಡಿದ. ನಾನು ನಿನ್ನಪ್ಪನ ಪಕ್ಕದಲ್ಲಿ ಕೂತು ಅದನ್ನು ಪೂರ್ತಿ ಉಂಡೆ. ಖಾಲಿ ಬಟ್ಟಲು ನೋಡಿ ನಿನ್ನಮ್ಮ, “ಎಲ್ಲಾ ಉಂಡ್ರಾ? ನಾಲ್ಕು ದಿನ ಆಗಿತ್ತಲ್ಲೋ ಚಾಮು, ತುತ್ತು ಇಳಿದು!” ಅಂದಳು. ಬಟ್ಟಲನ್ನು ಎದೆಗೊತ್ತಿಕೊಂಡು ಅಡಿಗೆಮನೆಗೆ ಹೋದಳು. ಹಾಡು ಗುನುಗುತ್ತಿದ್ದಳು, ನೆಟಾ.

ಚಾಮು

*

ಹರಾರೆ
30 ಜನವರಿ 1998

ಪ್ರಿಯ ಚಾಮು,

ನಿನ್ನ ಪತ್ರವನ್ನು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಮೇಲಿನ ಎರಡು ಮಹಡಿ ಆ ದಿನ ಹತ್ತಲಾಗಲಿಲ್ಲ. ದಂಬುಡ್ಜೊ ಮೇಡಂಗೆ ತೋರಿಸಿಲ್ಲ. ತೋರಿಸುವುದೂ ಇಲ್ಲ. ಆ ಗಂಜಿಯ ವಿಷಯ ಅಮ್ಮನಿಗೆ ಯಾವತ್ತೂ ಹೇಳಬೇಡ. ಅಪ್ಪ ಕೊನೆಗೆ ತನ್ನ ಕೈಯ ಅಡಿಗೆ ಹೊಟ್ಟೆತುಂಬ ಉಂಡುಹೋದ ಅನ್ನುವುದೊಂದೇ ಅವಳಿಗೆ ಉಳಿದಿರುವುದು.

ಎರಡು ವಾರ ಯೋಚಿಸಿದೆ. ಸಭೆಗಳಲ್ಲಿ ಹೆಂಗಸರಿಗೆ ನಾನೇ ಹೇಳುತ್ತೇನೆ: “ಹೆದರಬೇಡಿ, ಕೋರ್ಟಿನಲ್ಲಿ ಇದ್ದದ್ದು ಇದ್ದಹಾಗೆ ಹೇಳಿ.” ಈಗ ನಿನ್ನ ಹತ್ತಿರ ಇಲ್ಲದ್ದನ್ನು ಹೇಳು ಅಂತ ಬೇಡುತ್ತಿದ್ದೇನೆ. ಆದರೆ ಇಲ್ಲದ್ದು ಅಂತ ಹೇಗೆ ಅನ್ನಲಿ? ಇಷ್ಟು ವರ್ಷ ಸಂಪ್ರದಾಯ, ಸಂಪ್ರದಾಯ ಅಂತ ಹೇಳಿ ನಮ್ಮ ಕೈಯಿಂದ ಹೊಲ ಕಿತ್ತುಕೊಂಡರು, ಮನೆ ಕಿತ್ತುಕೊಂಡರು. ಅದೇ ಸಂಪ್ರದಾಯದ ಪ್ರಕಾರ ಅಪ್ಪ ಸತ್ತದ್ದು ಅತ್ತೆ ಬಂದ ಮೇಲೆ. ಹೆಂಡತಿಯನ್ನು ಗಂಡನ ಸಾವಿನಿಂದಲೇ ಹೊರಗಿಟ್ಟ ಆ ಬಾಗಿಲು ಒಂದು ಸಲ, ಒಂದೇ ಸಲ, ಅವಳ ಪರವಾಗಿ ನಿಲ್ಲಲಿ.

ನೀನು ಎಷ್ಟು ಸುಳ್ಳು ಹೇಳಿದ್ದೀಯ ಜೀವಮಾನದಲ್ಲಿ! ಏಳನೇ ಕ್ಲಾಸಿನಲ್ಲಿ ಹೆಡ್‌ಮೇಷ್ಟ್ರು ಸತ್ತರು ಅಂತ ಹೇಳಿ ಶಾಲೆಗೇ ರಜೆ ಕೊಡಿಸಿದವನು. ಪಾಪ, ಅವರು ಸೈಕಲ್ ತುಳಿದುಕೊಂಡು ಬರುವಾಗ ಮಕ್ಕಳೆಲ್ಲ ಕಿರುಚಿಕೊಂಡು ಓಡಿದ್ದೆವು. ಅಷ್ಟರಲ್ಲಿ ಒಂದನ್ನು ನನಗೆ ಕೊಡು. ಶನಿವಾರ ಅನ್ನು. ಅಷ್ಟೇ.

ನಿನ್ನ
ನೆಟಾ

*

ಚಿಂಬ್ವೆ
6 ಮಾರ್ಚ್ 1998

ಘನತೆವೆತ್ತ ಮುಚಾನೆಟಾ ಅವರಿಗೆ,

ನಿನಗೂ ನಿಮ್ಮ ವಕೀಲೆಗೂ ಬರಲಾಗಲಿಲ್ಲ, ಆದರೂ ಕೋರ್ಟಿನ ಸಮಾಚಾರ ನಿನಗೆ ಮೇಷ್ಟ್ರ ಫೋನಿನಿಂದ ತಿಳಿದೇ ಇದೆ. ನಾನು ನೋಡಿದ್ದನ್ನು ಬರೆಯುತ್ತೇನೆ.

ಪೇಟೆಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದೆವು. ಚಿಕ್ಕಪ್ಪ ನಿನ್ನಪ್ಪನ ಕೋಟು ಹಾಕಿಕೊಂಡಿದ್ದ. ನಿನ್ನಮ್ಮ ದಾರಿಗೆಂದು ಬೇಯಿಸಿದ ಗೆಣಸು ತಂದಿದ್ದಳು, ಅವನಿಗೂ ಒಂದು ಕೊಟ್ಟಳು. ಅವನು ತಿಂದ. ಕೋರ್ಟಿನ ಹೊರಗೆ ಮರದ ಕೆಳಗೆ ಕೂರಿಸಿ ಒಬ್ಬೊಬ್ಬರನ್ನೇ ಹೇಳಿಕೆ ಕೊಡಲು ಗುಮಾಸ್ತೆಯ ಕೋಣೆಗೆ ಕರೆದರು. ನಾನು ಒಳಗೆ ಹೋಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಶನಿವಾರ ಅಂದೆ. ಗುಮಾಸ್ತೆ ನನ್ನ ಮುಖ ನೋಡಿದಳು. “ನೀನಲ್ವಾ, ಸತ್ತೋರ ಹಾಗೆ ಕುಣಿಯೋನು?” ಅಂದಳು. ನಕ್ಕಳು. ಅಲ್ಲಿಗೆ ಮುಗಿಯಿತು. ನಮ್ಮಂಥವರು ಶನಿವಾರ ಅಂದರೆ ಜನರಿಗೆ ಅದೂ ಒಂದು ಹಾಸ್ಯ.

ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲಿ ಓದಿದರು. ನಮಗೆ ತಿಳಿಸಿ ಹೇಳಿದ್ದು ಎರಡೇ ಮಾತು: ಸಾವು ಶುಕ್ರವಾರ ಮಧ್ಯಾಹ್ನ, ಆದ್ದರಿಂದ ಹಳೆಯ ಪದ್ಧತಿ. ನಿನ್ನಮ್ಮ ಎದ್ದು ನಿಂತಳು. “ಶುಕ್ರವಾರ ಸಂಜೆ ಗಂಜಿ ಉಂಡೋರು ಶುಕ್ರವಾರ ಮಧ್ಯಾಹ್ನ ಹೆಂಗೆ ಸಾಯ್ತಾರೆ ಸ್ವಾಮಿ?” ಅಂತ ಕೇಳಿದಳು. ಚಿಕ್ಕಪ್ಪ ತಲೆ ತಗ್ಗಿಸಿ ಕೋಟಿನ ಗುಂಡಿ ನೋಡಿಕೊಂಡ.

ವಿಧವೆಯನ್ನು ಒಬ್ಬ ಗಂಡಸಿಗೆ ಒಪ್ಪಿಸುವ ಶಾಸ್ತ್ರಕ್ಕೆ ವರ್ಷ ತುಂಬುವ ತನಕವೂ ಕಾಯದೆ ಹೋದ ಭಾನುವಾರ ಅಂಗಳದಲ್ಲಿ ಚಾಪೆ ಹಾಸಿದರು. ಚಿಕ್ಕಪ್ಪ ಕೈ ತೊಳೆದುಕೊಂಡು ಮುಂದಿನ ಸಾಲಿನಲ್ಲಿ ಕೂತ. ನಿನ್ನಮ್ಮನ ಕೈಗೆ ನೀರಿನ ಬಟ್ಟಲು ಕೊಟ್ಟರು, ಯಾವ ಗಂಡಸಿಗೆ ಕೊಡುತ್ತಾಳೋ ಅವನವಳಾಗಲಿ ಎಂದು. ಅವಳು ಅವನನ್ನು ದಾಟಿ, ಎಲ್ಲ ಗಂಡಸರನ್ನೂ ದಾಟಿ ಹೋಗಿ ಕೆಝಿಯಾ ಅತ್ತೆಯ ಮುಂದೆ ಮಂಡಿಯೂರಿ ಬಟ್ಟಲನ್ನು ಅವಳ ಕೈಗಿಟ್ಟಳು. ಯಾರವಳೂ ಅಲ್ಲ ಎಂದ ಹಾಗೆ. ಅತ್ತೆ ಒಂದು ಗುಟುಕು ಕುಡಿದು, “ಕೈ ಒರೆಸ್ಕೋ ಜೋರಾಮ್, ಒದ್ದೆ ಕೈಯಲ್ಲಿ ಕೂತ್ರೆ ಶೀತ ಆಗುತ್ತೆ,” ಅಂದಳು. ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಒಂದು ಗಳಿಗೆ ಗೆದ್ದೆವು ಅನ್ನಿಸಿತು.

ಚಿಕ್ಕಪ್ಪ ಎದ್ದು ಹೇಳಿದ: “ಸರಿ. ಹಂಗಾದ್ರೆ ಮನೆ ಬಿಡಿ.”

ಮಂಗಳವಾರ ನಿನ್ನಮ್ಮ ಎರಡು ಮಡಕೆ, ಒಂದು ಗುದ್ದಲಿ, ಕಂಬಳಿ ಕಟ್ಟಿಕೊಂಡು ಚಿರೆಡ್ಜಿಗೆ, ನಿನ್ನ ಸೋದರಮಾವ ಕೂಲಿ ಮಾಡುವ ಕಬ್ಬಿನ ಗದ್ದೆಯ ಸಾಲುಮನೆಗೆ ಹೋದಳು. ತೆನೆ ಬಲಿತಿತ್ತು. ಕೊಯ್ಯಲು ಬಿಡಲಿಲ್ಲ. ಬಸ್ಸಿಗೆ ಗಂಟು ಹತ್ತಿಸಿದವನು ನಾನು.

ಚಾಮು

*

ಹರಾರೆ
21 ಮಾರ್ಚ್ 1998

ಪ್ರಿಯ ಚಾಮು,

ನೀನಾದರೂ ಅಮ್ಮನ ಕಡೆ ನಿಂತೆ. ಸುಳ್ಳು ಹೇಳಿಸಿದವಳು ನಾನು, ಅವಮಾನ ತಿಂದವನು ನೀನು. ಆ ಗುಮಾಸ್ತೆಯ ನಗು ನನ್ನ ಕಿವಿಯಲ್ಲೇ ಇದೆ. ದಂಬುಡ್ಜೊ ಮೇಡಂ ಮೇಲ್ಮನವಿ ಹಾಕೋಣ ಅನ್ನುತ್ತಾರೆ. ಸಾಕ್ಷಿಗಳ ಹೇಳಿಕೆಯ ಪ್ರತಿ ತರಿಸಬೇಕು. ತರಿಸಲೇ? ಮತ್ತೆ ನಿನ್ನನ್ನು ಕೋರ್ಟಿಗೆ ಎಳೆಯಬೇಕಾಗುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ಚಿರೆಡ್ಜಿಯಲ್ಲಿ ಸೆಖೆ ತಡೆಯಲಾಗುವುದಿಲ್ಲವಂತೆ, ಸೊಳ್ಳೆ ಬೇರೆ. ನಾಲ್ಕು ಜನರ ಕೋಣೆಯಲ್ಲಿ ಅಮ್ಮ ಐದನೆಯವಳು. “ಚಾಮುಗೆ ಹೇಳು, ಗಂಟು ಚೆನ್ನಾಗಿ ಕಟ್ಟಿದ್ದ, ಮಡಕೆ ಒಡೀಲಿಲ್ಲ,” ಅಂತ ಬರೆಸಿದ್ದಾಳೆ.

ನಿನ್ನ
ನೆಟಾ

*

ಹರಾರೆ
8 ಜೂನ್ 1998

ಚಾಮು,

ಮಾರ್ಚ್ ತಿಂಗಳ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಮೇ ತಿಂಗಳಲ್ಲಿ ಅಮ್ಮನ ಮಣ್ಣಿಗೆ ಬಂದೆಯಲ್ಲ, ಅದೇ ಉತ್ತರ ಅಂದುಕೊಂಡೆ.

ಮಾವ ಈಗಲೂ ತಲೆ ಚಚ್ಚಿಕೊಳ್ಳುತ್ತಾನೆ. ಮಲೇರಿಯಾ ಅಂತ ತಿಳಿಯುವಷ್ಟರಲ್ಲಿ ಮೂರು ದಿನ ಆಗಿತ್ತು. ನಮ್ಮ ಗುಡ್ಡದ ಕಡೆಯವರಿಗೆ ಆ ಕಾಯಿಲೆಯ ಗುರುತೇ ಇಲ್ಲ. ಅಮ್ಮ ಬಿಸಿಲಿನ ತಲೆನೋವು ಅಂತ ಮಲಗಿಕೊಂಡಿದ್ದಳು. ಅಪ್ಪನ ಪಕ್ಕದಲ್ಲಿ ಜಾಗ ಕೇಳಿದರೆ ಚಿಕ್ಕಪ್ಪ, “ನೀರು ಬೇರೆಯವ್ರಿಗೆ ಕೊಟ್ಟೋಳಿಗೆ ಇಲ್ಲೇನು ಕೆಲ್ಸ?” ಅಂತ ಹೇಳಿ ಕಳಿಸಿದ. ಕಬ್ಬಿನ ಗದ್ದೆಯ ಅಂಚಿನಲ್ಲಿ ಹೂಳಿದೆವು.

ನೀನು ಅಮ್ಮನ ತಲೆವಸ್ತ್ರ ಕಟ್ಟಿಕೊಂಡು ಎದ್ದು ನಿಂತಾಗ ಎಲ್ಲರೂ ನಗಲು ಕಾದಿದ್ದರು. ನಾನೂ ಕಾದಿದ್ದೆ. ಅವಳ ನಡಿಗೆ, ಅವಳು ಬೈಯುವ ರೀತಿ, ಎಲ್ಲ ನಿನಗೆ ಬರುತ್ತಿತ್ತು. ಬಾಯಿ ತೆರೆದೆ, ಮುಚ್ಚಿದೆ, ವಸ್ತ್ರ ಬಿಚ್ಚಿ ನನ್ನ ಮಡಿಲಲ್ಲಿಟ್ಟು ಹೋಗಿಬಿಟ್ಟೆ. ಕೆಲವರು ಸಿಟ್ಟಾದರು, ಸಹ್ವಿರಾ ನಗಿಸದ ಸಾವು ಎಂಥದ್ದು ಅಂತ. ನಾನು ಹೇಳಿದೆ, “ನಮ್ಮೆಲ್ಲರಿಗಿಂತ ಅವನಿಗೇ ಹೆಚ್ಚು ನೋವಾಗಿದೆ.”

ಅಮ್ಮನೇ ಇಲ್ಲದ ಮೇಲೆ ಮೇಲ್ಮನವಿ ಯಾರಿಗೆ? ಕೈಬಿಟ್ಟೆವು. ಹೇಳಿಕೆಗಳ ಪ್ರತಿಯನ್ನೂ ತರಿಸಲಿಲ್ಲ, ಇನ್ನು ತರಿಸುವುದೂ ಇಲ್ಲ. ಆದರೆ ಹೊಸ ಕರಪತ್ರಕ್ಕೆ ಅಮ್ಮನ ಕಥೆ ಬರೆಯುತ್ತಿದ್ದೇನೆ. ಸಾವಿನ ಸುದ್ದಿ ಹೆಂಡತಿಗೇ ಮೊದಲು ತಿಳಿಯಬೇಕು, ಅವಳನ್ನು ಬಾಗಿಲ ಹೊರಗೆ ನಿಲ್ಲಿಸಬಾರದು ಅಂತ ಊರೂರಿನ ಹಿರಿಯರನ್ನು ಒಪ್ಪಿಸುವುದಕ್ಕೆ. ಅದರಲ್ಲಿ ಕೊನೆಯ ಪ್ಯಾರಾ ನಿನ್ನದು: ಒಬ್ಬ ವಿಧವೆಗಾಗಿ ಧೈರ್ಯವಾಗಿ ಸಾಕ್ಷಿ ಹೇಳಿದ, ಹಾಸ್ಯಗಾರ ಅನ್ನುವ ಒಂದೇ ಕಾರಣಕ್ಕೆ ಯಾರೂ ನಂಬದೆ ಹೋದ ಗೆಳೆಯ. ನಿನ್ನ ಹೆಸರು ಹಾಕಲೇ? ಐದು ಸಾವಿರ ಪ್ರತಿ.

ನಿನ್ನ
ನೆಟಾ

*

ಚಿಂಬ್ವೆ
27 ಜೂನ್ 1998

ನೆಟಾ,

ಮೊದಲು ಊರಿನ ಸಮಾಚಾರ. ಕೆಝಿಯಾ ಅತ್ತೆ ಬಂದು ಹೋದಳು. ಹೆಂಗಸರನ್ನೆಲ್ಲ ಕರೆದುಕೊಂಡು ಊರ ಹಿರಿಯನ ಅಂಗಳದಲ್ಲಿ ಬೆಳಿಗ್ಗೆಯಿಂದ ಕೂತಳು. ಹಿರಿಯ, “ಇದು ತಾತನ ಕಾಲದ ಪದ್ಧತಿ ಕಣಮ್ಮ,” ಅಂದ. “ಯಾರಿಗೋಸ್ಕರ ಕಾಯ್ತಾ ಇದ್ರೋ ಆ ಹೆಣ್ಣುಮಗಳು ನಾನೇ ಹೇಳ್ತಾ ಇದೀನಿ,” ಅಂದಳು ಅತ್ತೆ, “ಇನ್ನು ನನಗೋಸ್ಕರ ಯಾರೂ ಕಾಯ್ಬೇಡಿ. ಗಂಡ ಸತ್ರೆ ಹೆಂಡ್ತಿಗೆ ಹೇಳಿ. ಅಳೋಳು ಅಳಲಿ.” ಮಧ್ಯಾಹ್ನದ ಹೊತ್ತಿಗೆ ಹಿರಿಯ ಒಪ್ಪಿದ. ನಿನ್ನ ಕರಪತ್ರ ಬರುವ ಮುಂಚೆಯೇ ನಮ್ಮ ಹಳ್ಳಿ ಅದರ ಮಾತು ಕೇಳಿದೆ. ನಿನ್ನಮ್ಮ ಇದ್ದಿದ್ದರೆ ಅತ್ತೆಗೆ ಚಹಾ ಮಾಡಿಕೊಡುತ್ತಿದ್ದಳು.

ಜೋರಾಮ್ ಚಿಕ್ಕಪ್ಪ ಆ ಮನೆಗೆ ಹೊಸ ಬಾಗಿಲು ಇಡಿಸಿದ್ದಾನೆ. ಕೋರ್ಟು ಗೆದ್ದದ್ದು ತನ್ನ ವಾಕ್ಚಾತುರ್ಯದಿಂದ ಅಂತ ಹೋದಲ್ಲೆಲ್ಲ ಹೇಳುತ್ತಾನೆ. ನಾನು ಸುಮ್ಮನೆ ಕೇಳುತ್ತೇನೆ.

ಕರಪತ್ರದಲ್ಲಿ ನನ್ನ ಹೆಸರು ಹಾಕಬೇಡ. ಆ ಪ್ಯಾರಾವನ್ನೇ ತೆಗೆದುಹಾಕು.

ಗುಮಾಸ್ತೆ ನಗಲಿಲ್ಲ, ನೆಟಾ. ನನ್ನನ್ನು ನೋಡಿ ಎದ್ದು ಕುರ್ಚಿ ಎಳೆದುಕೊಟ್ಟಳು. “ಕೂತ್ಕೊಳ್ಳಿ ಚಾಮುನೋರ್ವಾ ಅವರೇ,” ಅಂದಳು. “ನೀವು ಹೇಳೋದು ಮುಖ್ಯ, ನಿಧಾನವಾಗಿ ನೆನಪು ಮಾಡ್ಕೊಂಡು ಹೇಳಿ.” ಪೆನ್ನು ಕಾಗದದ ಮೇಲಿಟ್ಟು ಕಾದಳು. ನಾನು ಬಾಯಿ ತೆರೆಯುವ ಮುಂಚೆಯೇ ನಗಲು ಸಿದ್ಧವಾಗದ ಒಂದು ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ. ನಿನ್ನದೂ ಸೇರಿ. ಆ ಮುಖದ ಮುಂದೆ ದೊಡ್ಡ ಮನುಷ್ಯ ಅನ್ನಿಸಿಕೊಳ್ಳಬೇಕು ಅಂತ ಆಸೆಯಾಯಿತು. ದೇವರ ಭಯವಲ್ಲ, ಸತ್ಯದ ಮೇಲಿನ ಪ್ರೀತಿಯಲ್ಲ, ಅಷ್ಟೇ.

ಶುಕ್ರವಾರ ಅಂದೆ.

ಅವಳು ಬರೆದುಕೊಂಡಳು. ಬರೆದದ್ದನ್ನು ನನಗೆ ಓದಿ ಹೇಳಿ, “ಸರಿಯಾಗಿದೆಯಾ?” ಅಂತ ಕೇಳಿದಳು. ಕಿಟಕಿಯಿಂದ ಮರದ ಕೆಳಗೆ ನಿನ್ನಮ್ಮ ಕಾಣುತ್ತಿದ್ದಳು. ಸರಿಯಾಗಿದೆ ಅಂದೆ.

ಚಾಮು